ಯೋಗಿ ಸ್ವಾರ್ಥಿಯೆ?

ಯೋಗವೆಂದರೆ ಸ್ವಾರ್ಥತ್ಯಾಗ ಎಂದು ಹೇಳುವ ರೂಢಿ ನಮ್ಮಲ್ಲಿ ಬಹಳವಾಗಿದೆ. 2014ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯು ಜೂನ್ 21ನ್ನು ಅಂತರರಾಷ್ಟ್ರೀಯ ಯೋಗದಿನವೆಂದು ಸಾರಿತು. 2015ರಿಂದ ಪ್ರತಿವರ್ಷವೂ ಆ ದಿನ ನಮ್ಮ ಬೀದರದ ಶಾಲೆ ಕಾಲೇಜುಗಳ ಅಂಗಳಗಳಲ್ಲಿಯೂ ಚಾಪೆ ಹಾಸುತ್ತಾರೆ. ಆಸನಗಳು ಮುಗಿದ ತರುವಾಯ ಭಾಷಣಗಳಾಗುತ್ತವೆ, ಭಾಷಣಗಳಲ್ಲಿ ಈ ಮಾತು ತಪ್ಪದೆ ಬರುತ್ತದೆ, ಕೇಳುವ ನಾವೂ ತಪ್ಪದೆ ತಲೆದೂಗುತ್ತೇವೆ. ಆದರೆ ಮೂಲಗ್ರಂಥವನ್ನು ಕೈಗೆತ್ತಿಕೊಂಡು ಕೂತರೆ ಈ ಮಾತು ಅಷ್ಟು ಸಲೀಸಾಗಿ ನಿಲ್ಲುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಇದನ್ನು ಸಹಪಾಠಿಗಳ ಮುಂದೆಯೂ ಗುರುವೃಂದದ ಮುಂದೆಯೂ ಇಡಬೇಕೆಂಬ ಆಸೆಯಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಪತಂಜಲಿಯ ಯೋಗಸೂತ್ರಗಳು ಪಾಠಭೇದವನ್ನನುಸರಿಸಿ 195 ಅಥವಾ 196. ಸಮಾಧಿ, ಸಾಧನ, ವಿಭೂತಿ, ಕೈವಲ್ಯ ಎಂದು ನಾಲ್ಕು ಪಾದಗಳು. ಕೊನೆಯ ಪಾದದ ಹೆಸರನ್ನೇ ನೋಡಿರಿ. ಕೈವಲ್ಯವೆಂದರೆ ಕೇವಲನಾಗುವುದು, ಒಬ್ಬನೇ ಆಗಿ ಉಳಿಯುವುದು. ಯೋಗದ ಗುರಿಯೇ ಒಂಟಿತನವಾದ ಮೇಲೆ ಅದರಲ್ಲಿ ಲೋಕಕ್ಕೆ ಸ್ಥಾನವೆಲ್ಲಿ? ಇದಲ್ಲದೆ ಯೋಗವು ಸಾಂಖ್ಯರಂತೆ ಅನೇಕ ಪುರುಷರನ್ನು ಒಪ್ಪುತ್ತದೆ. ಒಬ್ಬನಿಗೆ ಬಿಡುಗಡೆಯಾದರೆ ಅವನ ಪಾಲಿಗೆ ಪ್ರಕೃತಿಯ ಆಟ ಮುಗಿಯುತ್ತದೆ. ಉಳಿದವರಿಗೆ ಅದು ಹಾಗೆಯೇ ನಡೆದಿರುತ್ತದೆ. ಊರಿಗೆಲ್ಲ ಒಂದೇ ಸಲಕ್ಕೆ ಮುಕ್ತಿಯನ್ನು ತಂದುಕೊಡುವ ಏರ್ಪಾಟು ಇಲ್ಲಿಲ್ಲ. ತಂದೆ ಮಾಡಿದ ಪ್ರಾಣಾಯಾಮ ಮಗನ ಉಸಿರಿಗೆ ಸಲ್ಲದು. ಗುರು ದಾರಿ ತೋರಬಲ್ಲ, ನಡೆಯಲಾರ. ಅಭ್ಯಾಸವೆಂದರೆ ಚಿತ್ತವು ನಿಲ್ಲುವುದಕ್ಕಾಗಿ ಮಾಡುವ ಯತ್ನವೆಂದೇ ಸೂತ್ರಕಾರನ ಲಕ್ಷಣ. ಅದನ್ನು ಬಹುಕಾಲ, ಎಡೆಬಿಡದೆ, ಆದರದಿಂದ ಮಾಡಬೇಕೆಂದು ಅವನು ಕರಾರು ಹಾಕುತ್ತಾನೆ. ಗೀತೆಯ ಆರನೆಯ ಅಧ್ಯಾಯವೂ ತನ್ನನ್ನು ತಾನೇ ಮೇಲಕ್ಕೆತ್ತಿಕೊಳ್ಳಬೇಕೆಂದು, ತನಗೆ ತಾನೇ ಬಂಧು, ತಾನೇ ಶತ್ರುವೆಂದು ಹೇಳುತ್ತದೆ. ಇಷ್ಟನ್ನು ಓದಿದ ಯಾರಿಗಾದರೂ ಯೋಗಿಯಷ್ಟು ತನ್ನನ್ನೇ ನೋಡಿಕೊಳ್ಳುವವನು ಇನ್ನೊಬ್ಬನಿಲ್ಲವೆಂದು ತೋರಿದರೆ ಆಶ್ಚರ್ಯವಿಲ್ಲ. ಬೌದ್ಧರಲ್ಲಿ ಮಹಾಯಾನದವರು ಎಲ್ಲ ಪ್ರಾಣಿಗಳೂ ದಾಟುವ ತನಕ ದಡದಲ್ಲಿ ನಿಲ್ಲುವ ಬೋಧಿಸತ್ತ್ವನನ್ನು ಮುಂದಿಟ್ಟಾಗ ಅವರ ಮನಸ್ಸಿನಲ್ಲಿದ್ದುದೂ ಇಂಥ ಅಸಮಾಧಾನವೇ. ವಿವೇಕಾನಂದರು 1897ರಲ್ಲಿ ರಾಮಕೃಷ್ಣ ಮಿಶನ್ ಕಟ್ಟಿದಾಗ ತನ್ನ ಮೋಕ್ಷದ ಜೊತೆಗೆ ಜಗತ್ತಿನ ಹಿತವನ್ನೂ ಕೂಡಿಸಿಯೇ ಗುರಿಯನ್ನು ನುಡಿದರು. ಕೂಡಿಸಬೇಕಾಯಿತೆಂದರೆ ಬಿಟ್ಟುಹೋಗುವ ಭಯವಿತ್ತೆಂದೇ ಅರ್ಥವಲ್ಲವೆ?

ಆದರೂ ಯೋಗಿಯನ್ನು ಸ್ವಾರ್ಥಿಯೆಂದು ತೀರ್ಪು ಕೊಡುವ ಮೊದಲು ಒಂದು ವಿಷಯವನ್ನು ಗಮನಿಸಬೇಕು. ಎಂಟು ಅಂಗಗಳಲ್ಲಿ ಮೊದಲನೆಯದು ಆಸನವಲ್ಲ, ಯಮ. ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ ಎಂಬ ಈ ಐದನ್ನು ಜಾತಿ, ದೇಶ, ಕಾಲ, ಸಂದರ್ಭಗಳ ವಿನಾಯಿತಿ ಇಲ್ಲದೆ ನಡೆಸಿದರೆ ಮಹಾವ್ರತವೆಂದು ಪತಂಜಲಿ ಹೇಳುತ್ತಾನೆ. ಗುಹೆಯಲ್ಲಿ ಒಬ್ಬನೇ ಕೂತವನು ಯಾರ ವಸ್ತುವನ್ನು ಕದಿಯದೆ ಇರಬೇಕು? ಯಾರಿಗೆ ಸುಳ್ಳು ಹೇಳದೆ ಇರಬೇಕು? ಇವು ನಾಲ್ಕು ಜನರ ನಡುವೆ, ಸಂತೆಯಲ್ಲಿ, ಹೊಲದ ಬದುವಿನ ಮೇಲೆ, ಪರೀಕ್ಷೆಯ ಕೊಠಡಿಯಲ್ಲಿ ಪಾಲಿಸಬೇಕಾದ ವ್ರತಗಳು. ಸುಖದಲ್ಲಿರುವವನನ್ನು ಕಂಡು ಮೈತ್ರಿ, ದುಃಖದಲ್ಲಿರುವವನನ್ನು ಕಂಡು ಕರುಣೆ ತಾಳಿದರೆ ಚಿತ್ತವು ತಿಳಿಯಾಗುತ್ತದೆಂಬ ಮಾತೂ ಮೊದಲ ಪಾದದಲ್ಲಿಯೇ ಇದೆ. ನಮ್ಮ ಯೋಗದಿನದಲ್ಲಿ ಮೂರನೆಯ ಅಂಗದಿಂದ ಆರಂಭಿಸಿ ಅಲ್ಲಿಯೇ ಮುಗಿಸುವುದು ಸುಲಭದ ದಾರಿ. ಚಾಪೆಯ ಮೇಲೆ ಅಸ್ತೇಯವನ್ನು ಮಾಡಿ ತೋರಿಸುವುದು ಕಷ್ಟವಷ್ಟೆ.

ಹೀಗಿರುವಲ್ಲಿ ಸ್ವಪ್ರಯತ್ನ ಬೇರೆ, ಸ್ವಾರ್ಥ ಬೇರೆ ಎಂದು ಮೊದಲು ವಿಂಗಡಿಸಿಕೊಳ್ಳಬೇಕು. ಎರಡರಲ್ಲಿಯೂ 'ಸ್ವ' ಇರುವುದರಿಂದ ಗೊಂದಲವಾಗಿದೆ. ಪ್ರಯತ್ನವನ್ನು ತಾನೇ ಮಾಡಬೇಕೆಂಬುದು ಯೋಗದ ನಿಯಮ. ಪ್ರಯತ್ನವೂ ಅದರ ಫಲವೂ ತನ್ನ ಸೊತ್ತೆಂದು ಬೀಗುವುದು ಯೋಗದ ಲೆಕ್ಕದಲ್ಲಿ ಒಂದು ಕ್ಲೇಶ. ಅದಕ್ಕೆ ಅಸ್ಮಿತೆಯೆಂದು ಹೆಸರು. ನೋಡುವ ಶಕ್ತಿಯನ್ನೂ ನೋಡುವ ಉಪಕರಣವನ್ನೂ ಒಂದೇ ಎಂದು ಭ್ರಮಿಸುವುದೇ ಅಸ್ಮಿತೆ. ಮೂರನೆಯ ಪಾದದಲ್ಲಿ ವಿವರಿಸಿದ ಸಿದ್ಧಿಗಳನ್ನು ಸಮಾಧಿಗೆ ಅಡ್ಡಿಗಳೆಂದು ಪತಂಜಲಿ ತಾನೇ ಎಚ್ಚರಿಸುವುದೂ ಇದೇ ಕಾರಣಕ್ಕೆ.

ಈ ವಿವೇಚನೆಯನ್ನು ಸೂತ್ರಗಳಿಗಿಂತ ಸ್ಪಷ್ಟವಾಗಿ ಮಾಡಿದವರು ನಮ್ಮ ಜಿಲ್ಲೆಯ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಸೇರಿದ್ದ ಶರಣರೆಂದು ನಾನು ಹೇಳಿದರೆ ಊರ ಅಭಿಮಾನವೆಂದು ನಗಬಾರದು. 'ಶೂನ್ಯಸಂಪಾದನೆ'ಯಲ್ಲಿ ಬರುವ ಗೋರಕ್ಷನ ಪ್ರಸಂಗ ಎಲ್ಲರಿಗೂ ಪರಿಚಿತವಾದುದೇ. ಗೋರಕ್ಷ ಹಠಯೋಗದಿಂದ ದೇಹವನ್ನು ವಜ್ರವಾಗಿ ಮಾಡಿಕೊಂಡಿದ್ದ. ಖಡ್ಗದಿಂದ ಹೊಡೆದರೆ ಲೋಹಕ್ಕೆ ಲೋಹ ತಾಗಿದಂತೆ ಸದ್ದಾಯಿತು, ಕೂದಲೂ ಕೊಂಕಲಿಲ್ಲ. ಅದೇ ಖಡ್ಗವನ್ನು ಅಲ್ಲಮನ ಮೇಲೆ ಬೀಸಿದಾಗ ಅದು ಬಯಲಲ್ಲಿ ಹಾಯ್ದಂತೆ ಹಾಯ್ದುಹೋಯಿತು. ಗೋರಕ್ಷನ ಪ್ರಯತ್ನದಲ್ಲಿ ಕೊರತೆಯಿರಲಿಲ್ಲ. ಸದ್ದು ಮಾಡುವಷ್ಟು 'ನಾನು' ಅಲ್ಲಿ ಉಳಿದಿತ್ತು, ಇಷ್ಟೇ ವ್ಯತ್ಯಾಸ.

ಸಿದ್ಧರಾಮನ ಪ್ರಸಂಗ ಇನ್ನೂ ಸೂಕ್ಷ್ಮವಾದುದು. ಸೊನ್ನಲಿಗೆ, ಅಂದರೆ ಇಂದಿನ ಸೊಲ್ಲಾಪುರ, ನಮ್ಮ ಗಡಿಯಾಚೆಯ ಊರು. ಅಲ್ಲಿ ಸಿದ್ಧರಾಮ ಕೆರೆ ಕಟ್ಟಿಸಿದ, ಗುಡಿ ಕಟ್ಟಿಸಿದ. ಅವನನ್ನು ಕರ್ಮಯೋಗಿಯೆಂದೇ ಕರೆಯುತ್ತೇವೆ. ಕೆರೆಯ ನೀರನ್ನು ಅವನೊಬ್ಬನೇ ಕುಡಿಯಲಿಲ್ಲ. ಹಾಗಿದ್ದೂ ಅಲ್ಲಮಪ್ರಭು ಬಂದು ಅವನನ್ನು ಮಣ್ಣು ಹೊರುವವನೆಂದು ಮೂದಲಿಸಿದನೆಂದು ಕಥೆ. ಪರೋಪಕಾರದಲ್ಲಿಯೂ ಮಾಡಿದವನು ನಾನೆಂಬ ಹಮ್ಮು ಅಡಗಿ ಕೂರಬಲ್ಲದೆಂಬುದು ತಾತ್ಪರ್ಯ. ತಾತ್ಪರ್ಯವನ್ನು ಒಪ್ಪುತ್ತೇನೆ. ಆದರೆ ಆ ಮೂದಲಿಕೆ ಮಾತ್ರ ನನಗೆ ಸೇರದು. ಬರಗಾಲದ ಕಾಮಗಾರಿಗಳಲ್ಲಿ ಮಣ್ಣು ಹೊತ್ತ ಹೆಂಗಸಿನ ಮಗಳು ನಾನು. ಮಣ್ಣು ಹೊರುವುದು ಯಾರನ್ನಾದರೂ ಕೀಳುಗಳೆಯುವ ಮಾತಾಗುವುದು ನನ್ನ ಕಿವಿಗೆ ಒಪ್ಪುವುದಿಲ್ಲ. ಅಂದು ಕೆರೆಯಲ್ಲಿ ದುಡಿಯುತ್ತಿದ್ದ ಆಳುಗಳು ಸಿಟ್ಟಾಗಿ ಪ್ರಭುವಿನ ಮೇಲೆ ಕಲ್ಲು ತೂರಿದರೆಂದೂ ಅದೇ ಕಥೆಯಲ್ಲಿದೆ. ಅವರ ಪಕ್ಷವನ್ನು ವಹಿಸಿ ಒಬ್ಬರಾದರೂ ಪ್ರಬಂಧ ಬರೆಯಬೇಕು.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ನಿಷ್ಕಾಮಕರ್ಮದ ಉಪದೇಶ ನಮ್ಮ ಸಮಾಜದಲ್ಲಿ ಯಾರಿಂದ ಹೊರಟು ಯಾರನ್ನು ತಲುಪುತ್ತದೆ? ಫಲದ ಮೇಲೆ ಹಕ್ಕಿಲ್ಲವೆಂಬ ಮಾತನ್ನು ಗೀತೆಯಲ್ಲಿ ಕೇಳಿಸಿಕೊಂಡವನು ರಾಜ್ಯಕ್ಕೆ ಹಕ್ಕುದಾರನಾದ ಅರ್ಜುನ. ಕೈಯಲ್ಲಿ ಗಾಂಡೀವವಿದ್ದವನಿಗೆ, ಗೆದ್ದರೆ ಹಸ್ತಿನಾವತಿಯೇ ಸಿಗುವವನಿಗೆ, ಫಲವನ್ನು ಮರೆತು ದುಡಿ ಎಂದರು. ಲೋಕಸಂಗ್ರಹಕ್ಕೆ ಕೊಟ್ಟ ಉದಾಹರಣೆಯೂ ಜನಕ ಮಹಾರಾಜನದೇ. ಇಂದು ಅದೇ ಮಾತನ್ನು ಯಾರಿಗೆ ಹೇಳುತ್ತಾರೆ? ಕೂಲಿಯ ಆಳಿಗೆ, ಸೊಸೆಗೆ, ಓದುವ ಮಗಳಿಗೆ. ಫಲವನ್ನು ಎಂದೂ ಕಾಣದವರಿಗೆ ಫಲವನ್ನು ಬಿಡಿರೆಂದು ಉಪದೇಶ.

ಔರಾದ ತಾಲೂಕಿನ ನಮ್ಮ ಊರಲ್ಲಿ ಒಂದು ಸುಗ್ಗಿಯ ದಿನ ನಡೆದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ತೊಗರಿ ಕೊಯ್ದು ಬಡಿದು ರಾಶಿ ಮಾಡಿದ ಹೆಂಗಸರು ಹಿಂದಿನ ವಾರದ ಕೂಲಿಯನ್ನು ಕೇಳಿದಾಗ, ಹೊಲದ ಮಾಲೀಕರಾದ ಹಿರಿಯರೊಬ್ಬರು, ದುಡಿಯುವಾಗ ಫಲದ ಚಿಂತೆ ಮಾಡಬಾರದು, ಭಗವಂತನೇ ಹೇಳಿದ್ದಾನೆ ಎಂದರು. ನಗುತ್ತಲೇ ಅಂದರೆನ್ನಬೇಕು. ನನ್ನ ಅವ್ವ ಸೆರಗು ಕೊಡವಿ, "ಅದೇ ಮಾತ ಒಂದೀಟ ನಿಮ್ಮ ತೊಗರಿ ರಾಶಿಗೂ ಹೇಳ್ರಿ, ಅದೂ ಕೇಳಲಿ" ಎಂದಳು. ಅವಳಿಗೆ ಅಕ್ಷರ ಬಾರದು. ಗೀತೆಯ ಮೇಲೆ ಭಾಷ್ಯ ಬರೆದ ಆಚಾರ್ಯರೆಲ್ಲರ ಬಗೆಗೂ ನನಗೆ ಗೌರವವಿದೆ. ಆದರೆ ಈ ಪ್ರಶ್ನೆಯನ್ನು ಇಷ್ಟು ನೇರವಾಗಿ ಕೇಳಿದ ಮಾತನ್ನು ನಾನು ಬೇರೆಲ್ಲಿಯೂ ಕೇಳಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಬಿಗಿಯಾಗಿದೆ. ಗಂಡುಹುಡುಗ ಪಟ್ಟಣದಲ್ಲಿದ್ದು ಓದಿದರೆ ಅದು ಪ್ರಯತ್ನ; ಹುಡುಗಿ ಓದಿದರೆ ಅದು ಸ್ವಾರ್ಥ. ಮನೆಯಲ್ಲಿ ಕಷ್ಟವಿದ್ದಾಗ ತನ್ನದಷ್ಟೇ ನೋಡಿಕೊಂಡಳು ಎಂಬ ಮಾತನ್ನು ನಾನು ಮೂರು ವರ್ಷ ಕೇಳಿದ್ದೇನೆ. ಈ ಕಾಲೇಜಿನ ಹಿಂದಿನ ಬೆಂಚುಗಳಲ್ಲಿ ಕೂತ ಎಷ್ಟೋ ಗೆಳತಿಯರು ನನಗಿಂತ ಹೆಚ್ಚು ಕೇಳಿದ್ದಾರೆ. ಕೆಲವರು ಕೇಳಿ ಕೇಳಿ ಎರಡನೆಯ ವರ್ಷಕ್ಕೇ ನಿಂತುಹೋದರು. ಅವರದು ತ್ಯಾಗವೆಂದು ಊರು ಹೊಗಳಿತು. ಆ ತ್ಯಾಗವನ್ನು ಮಾಡಿದವರು ಯಾರು, ಮಾಡಿಸಿದವರು ಯಾರೆಂದು ಊರು ಕೇಳಲಿಲ್ಲ. ಪ್ರಾಣಾಯಾಮವನ್ನು ಒಬ್ಬರ ಪರವಾಗಿ ಇನ್ನೊಬ್ಬರು ಮಾಡಲಾರರೆಂದು ಒಪ್ಪುವವರು, ವೈರಾಗ್ಯವನ್ನು ಮಾತ್ರ ಒಬ್ಬರ ಮೇಲೆ ಇನ್ನೊಬ್ಬರು ಹೇರಬಹುದೆಂದು ಹೇಗೆ ತಿಳಿದರು? ಅಭ್ಯಾಸ ವೈರಾಗ್ಯಗಳೆರಡನ್ನೂ ಪತಂಜಲಿ ಒಂದೇ ಉಸಿರಿನಲ್ಲಿ ಹೇಳಿದ್ದಾನೆ. ಅಭ್ಯಾಸ ಸ್ವಪ್ರಯತ್ನವಾದರೆ ವೈರಾಗ್ಯವೂ ಸ್ವಪ್ರಯತ್ನವೇ. ಇನ್ನೊಬ್ಬರ ಪಾಲನ್ನು ಬಿಡಿಸುವುದಕ್ಕೆ ವೈರಾಗ್ಯವೆಂಬ ಹೆಸರಿಲ್ಲ. ಅಸ್ತೇಯವನ್ನು ಮೀರುವುದೆಂದು ಅದಕ್ಕೆ ಹೆಸರು.

ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಾನು ಈ ಬೆಳಕಿನಲ್ಲಿ ಓದುತ್ತೇನೆ. ಲಕ್ಕಮ್ಮ ಮಾರಯ್ಯ ದಂಪತಿಗಳು ರಾಯಚೂರು ಸೀಮೆಯ ಅಮರೇಶ್ವರದ ಕಡೆಯಿಂದ ಕಲ್ಯಾಣಕ್ಕೆ ಬಂದವರು. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಬಂದಿತು. ಬಸವಣ್ಣನೇ ಬೇಕೆಂದು ಹೆಚ್ಚು ಚೆಲ್ಲಿಸಿದ್ದನಂತೆ. ಲಕ್ಕಮ್ಮ ಅದನ್ನು ಕಂಡು, ನಮಗೆ ಎಂದಿನಷ್ಟೇ ಸಾಕು, ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ತಿರುಗಿ ಕಳಿಸಿದಳು. ಮುಂದೆ ತಮ್ಮ ಪಾಲಿನ ಅಕ್ಕಿಯಿಂದಲೇ ಶರಣರೆಲ್ಲರನ್ನೂ ಕರೆದು ಉಣಬಡಿಸಿದರೆಂದು ಕಥೆ ಮುಗಿಯುತ್ತದೆ. ಆಕೆಯ ವಚನಗಳ ಅಂಕಿತದಲ್ಲಿ ಗಂಡನ ಹೆಸರಿದೆ. ಗಂಡನಿಗೆ ಬುದ್ಧಿ ಹೇಳುವಾಗ ಮಾತ್ರ ಆಕೆಗೆ ಅಳುಕಿಲ್ಲ.

ಬಡವರು ಇದ್ದುದರಲ್ಲಿಯೇ ತೃಪ್ತಿಪಡಬೇಕೆಂದು ಈ ಕಥೆಯನ್ನು ಹೇಳಿದರೆ ಅದು ನಮ್ಮ ಹೊಲದ ಮಾಲೀಕರ ಗೀತೆಯಂತಾಗುತ್ತದೆ. ಕಥೆಯಲ್ಲಿ ಯಾರು ಯಾರಿಗೆ ಹೇಳಿದರೆಂಬುದನ್ನು ನೋಡಬೇಕು. ಬಿಜ್ಜಳನ ಮಂತ್ರಿಯಾದ ಬಸವಣ್ಣ ಸಾಕೆನ್ನಲಿಲ್ಲ. ಅವನು ಹೆಚ್ಚು ಕೊಡಲು ಹೊರಟವನು. ಸಾಕೆಂದವಳು ಅಕ್ಕಿ ಆಯುವವನ ಹೆಂಡತಿ. ಅಳತೆಯ ಸೇರು ಆಕೆಯ ಕೈಯಲ್ಲಿತ್ತು. ಮೊದಲು ದುಡಿಮೆ, ಅದರಿಂದ ತನ್ನ ಪಾಲು ಖಚಿತವಾಗಿ ತನ್ನ ಕೈಗೆ, ಆಮೇಲೆ ತನ್ನದೇ ನಿರ್ಧಾರದಿಂದ ಮಿಕ್ಕದ್ದನ್ನು ಬಿಡುವುದು. ಈ ಕ್ರಮವನ್ನು ತಿರುವುಮುರುವು ಮಾಡಿದರೆ ಯೋಗವೂ ಉಳಿಯದು, ಕಾಯಕವೂ ಉಳಿಯದು. ಅಪರಿಗ್ರಹಕ್ಕೆ ಪುಸ್ತಕದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಸಮೀಪದ ಕಾಲದಿಂದಲೂ ಒಂದು ಉದಾಹರಣೆಯನ್ನು ಕೊಡಬಹುದು. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹುಟ್ಟಿದ್ದು ಆಗ ಔರಾದ ತಾಲೂಕಿಗೆ ಸೇರಿದ್ದ ಕಮಲನಗರದಲ್ಲಿ, 1999ರಲ್ಲಿ ಲಿಂಗೈಕ್ಯರಾದರು. ಬಾದಾಮಿಯ ಬಳಿಯ ಶಿವಯೋಗಮಂದಿರದಲ್ಲಿ ಶಿಕ್ಷಣ ಪಡೆದವರು. ಶಿವಯೋಗವನ್ನು ಕಲಿತವರು ಮಠದಲ್ಲಿ ಕಣ್ಣು ಮುಚ್ಚಿ ಕೂತಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ನಿಜಾಮರ ಆಳಿಕೆಯಲ್ಲಿ ಕನ್ನಡಕ್ಕೆ ಶಾಲೆಯ ಬಾಗಿಲು ಮುಚ್ಚಿದ್ದಾಗ ಅವರು ಹೊರಗೆ ಉರ್ದುವಿನ ಫಲಕ ಹಾಕಿಸಿ ಒಳಗೆ ಕನ್ನಡ ಕಲಿಸಿದರೆಂಬುದು ನಮ್ಮ ಭಾಗದ ಮಕ್ಕಳಿಗೂ ಗೊತ್ತಿರುವ ಸಂಗತಿ. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆಯಾಯಿತು. 1956ರ ನವೆಂಬರ್ 1ರಂದು ಬೀದರ ಮೈಸೂರು ರಾಜ್ಯಕ್ಕೆ ಸೇರಿತು. ಆ ದಿನಕ್ಕಾಗಲೇ ಇಲ್ಲಿ ಕನ್ನಡ ಓದಬಲ್ಲವರು ಇದ್ದರೆಂಬುದಕ್ಕೆ ಅಂಥ ಕೆಲವರ ಹಟವೇ ಕಾರಣ. ಸತ್ಯವ್ರತಿಯಾದ ಯೋಗಿ ಸುಳ್ಳು ಫಲಕ ಹಾಕಿಸಬಹುದೆ ಎಂದು ಚರ್ಚಾಪಟುಗಳು ಕೇಳಬಹುದು. ಕೇಳಲಿ. ಆ ಫಲಕದಿಂದ ತಮಗೆಂದು ಅವರು ಏನನ್ನೂ ಪಡೆಯಲಿಲ್ಲ. ನಮಗೆ ಅಕ್ಷರ ದೊರೆಯಿತು.

ಇಷ್ಟು ಹೇಳಿ ಕೂಲಿಯವರ ಹಾಗೂ ಹೆಣ್ಣುಮಕ್ಕಳ ಪಕ್ಷವನ್ನಷ್ಟೇ ವಹಿಸಿ ನಿಲ್ಲಿಸಿದರೆ ನ್ಯಾಯವಾಗದು. ನಮ್ಮಂಥ ಮನೆಗಳಿಂದ ಮೊದಲ ಸಲ ಪದವಿಯ ಬಾಗಿಲಿಗೆ ಬಂದವರಲ್ಲಿ ಇನ್ನೊಂದು ಬಗೆಯ ವಜ್ರಕಾಯ ಬೆಳೆಯುತ್ತಿರುವುದನ್ನು ಕಾಣುತ್ತೇನೆ. ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಪಾಸಾದವನು ಊರಿಗೆ ಬಂದಾಗ, ಎಲ್ಲವೂ ನನ್ನ ಸ್ವಂತ ಪ್ರಯತ್ನ, ಯಾರ ಹಂಗೂ ಇಲ್ಲ ಎನ್ನುತ್ತಾನೆ. ಗ್ರಂಥಾಲಯದ ಪುಸ್ತಕದಲ್ಲಿ ಬೇಕಾದ ಪುಟಗಳನ್ನು ಹರಿದುಕೊಂಡು ಹೋಗುವವರೂ ಸ್ವಪ್ರಯತ್ನಿಗಳೇ. 'ಭಾರತೀಯ ತತ್ತ್ವಶಾಸ್ತ್ರ'ದ ಪುಸ್ತಕದಲ್ಲಿ ಯೋಗದ ಅಧ್ಯಾಯವೇ ಮಾಯವಾದುದನ್ನು ಕಂಡು ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸ್ವಂತ ಪ್ರಯತ್ನವೆಂಬ ಈ ಹೆಮ್ಮೆ ನೀತಿಯ ದೃಷ್ಟಿಯಿಂದ ಕೆಟ್ಟದೋ ಒಳ್ಳೆಯದೋ ಬೇರೆ ಮಾತು. ಸಂಗತಿಯ ದೃಷ್ಟಿಯಿಂದಲೇ ಅದು ಸುಳ್ಳು. ಕಲಬುರಗಿಯ ವಿಭಾಗದ ನಮಗೆ ನೌಕರಿಯಲ್ಲೂ ಪ್ರವೇಶದಲ್ಲೂ ಮೀಸಲಾತಿ ದೊರೆತುದು 2012ರಲ್ಲಿ ಸಂಸತ್ತು ಅಂಗೀಕರಿಸಿದ 98ನೆಯ ತಿದ್ದುಪಡಿಯಿಂದ, ಅದು ಸಂವಿಧಾನಕ್ಕೆ ಸೇರಿಸಿದ 371(ಜೆ) ವಿಧಿಯಿಂದ. ಅದಕ್ಕಾಗಿ ವರ್ಷಗಟ್ಟಲೆ ಬೀದಿಗಿಳಿದವರಲ್ಲಿ ಎಷ್ಟೋ ಮಂದಿಗೆ ಅದರ ಲಾಭ ಪಡೆಯುವ ವಯಸ್ಸೇ ಮೀರಿತ್ತು. 2023ರ ಜೂನಿನಲ್ಲಿ ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಆರಂಭವಾದ ಮೇಲೆ ಔರಾದದಿಂದ ದಿನವೂ ಬೀದರಕ್ಕೆ ಬಂದುಹೋಗುವ ಹುಡುಗಿಯರ ಮನೆಯ ಚಿಂತೆಯಲ್ಲಿ ಒಂದಾದರೂ ಕಳೆಯಿತು. ಓದಿದ್ದು ನಾವೇ, ನಿಜ. ಬೆಳಗಿನ ನಾಲ್ಕು ಗಂಟೆಗೆ ಎದ್ದದ್ದು ನಾವೇ. ಆದರೆ ಅದಕ್ಕಿಂತ ಮೊದಲೇ ಎದ್ದು ರೊಟ್ಟಿ ಬಡಿದವರು ಇನ್ನೊಬ್ಬರು. ಉಪಕರಣವನ್ನೂ ನೋಡುವವನನ್ನೂ ಒಂದೆಂದು ಭ್ರಮಿಸುವುದಕ್ಕೆ ಸೂತ್ರಕಾರನು ಕೊಟ್ಟ ಹೆಸರನ್ನು ಮೇಲೆ ಹೇಳಿದೆ. ನಮ್ಮ ಅಂಕಪಟ್ಟಿಗಳಿಗೂ ಅದು ಸಲ್ಲುತ್ತದೆ.

ಆಸನ ಸಿದ್ಧಿಸುವುದು ಪ್ರಯತ್ನವನ್ನು ಸಡಿಲಿಸುವುದರಿಂದ ಎಂದು ಎರಡನೆಯ ಪಾದದಲ್ಲಿ ಒಂದು ವಿಚಿತ್ರವಾದ ಸೂತ್ರವಿದೆ. ಮೊದಲ ಸಲ ಓದಿದಾಗ ಸೋಮಾರಿಗಳಿಗೆ ಅನುಕೂಲವಾದ ಸೂತ್ರವೆಂದು ನಾವು ಗೆಳತಿಯರು ನಕ್ಕಿದ್ದೆವು. ಎಷ್ಟು ಬಿಗಿ ಹಿಡಿಯಬೇಕು, ಎಲ್ಲಿ ಸಡಿಲಿಸಬೇಕೆಂಬುದನ್ನು ಕೂತವರೇ ಅರಿಯಬೇಕೆಂದು ಅದಕ್ಕೆ ನಾನು ಈಗ ಅರ್ಥ ಹಚ್ಚುತ್ತೇನೆ. ಪಕ್ಕದಲ್ಲಿ ನಿಂತವರು ಬೆನ್ನಿನ ಮೇಲೆ ಕೈಯಿಟ್ಟು ಅದುಮಿದರೆ ಬೆನ್ನು ಉಳುಕುತ್ತದೆ. ಯೋಗಾಸನ ಕಲಿಸುವ ಎಲ್ಲರಿಗೂ ಇದು ಗೊತ್ತು. ಊರಿನ ಹಿರಿಯರಿಗೂ ಗೊತ್ತಾಗಬೇಕಾಗಿದೆ.

ಮೂರನೆಯ ವರ್ಷದ ಶುಲ್ಕಕ್ಕೂ ಕೋಣೆಯ ಬಾಡಿಗೆಗೂ ಅವ್ವ ತನ್ನ ಬೋರಮಾಳ ಸರವನ್ನು ಅಡವಿಟ್ಟಿದ್ದಾಳೆ. ನೌಕರಿ ಸಿಕ್ಕರೆ ಮೊದಲ ಪಗಾರದಲ್ಲಿ ಅದನ್ನು ಬಿಡಿಸಿಕೊಡಬೇಕು, ಉಳಿದದ್ದು ನಿನ್ನದು ಎಂದು ಮೊನ್ನೆ ಫೋನಿನಲ್ಲಿ ಹೇಳಿದಳು. ಇದು ಫಲಾಪೇಕ್ಷೆಯೇ. ಸರ ಬೇಕು, ಉಳಿದದ್ದು ಬೇಡ ಎಂಬ ಅಳತೆ ಅವಳದು. ಅದರಲ್ಲಿ ಹೆಚ್ಚು ಕಡಿಮೆ ಮಾಡುವ ಅಧಿಕಾರ ನನಗಾಗಲಿ, ಊರಿಗಾಗಲಿ, ಶಾಸ್ತ್ರಕ್ಕಾಗಲಿ ಇದೆಯೆಂದು ನಾನು ತಿಳಿಯುವುದಿಲ್ಲ. ನಿನಗೆ ಅಷ್ಟೇ ಸಾಕೇನವ್ವಾ ಎಂದು ಕೇಳಿದೆ. "ಸಾಕೋ ಸಾಲದೋ ನಾ ನೋಡ್ಕೋತೀನಿ, ನೀ ಮೊದಲು ಪಾಸಾಗು" ಎಂದಳು. ಪರೀಕ್ಷೆ ಮುಂದಿನ ತಿಂಗಳಿದೆ.